ಹಗ್ಗ ಎಳೆಯೋದೋ, ಬಟನ್ ಒತ್ತೋದೋ? ನಾಟ್ರಾಂಪಾಳ್ಯದ ಹೊಲಕ್ಕೆ ಹದಿನಾಲ್ಕು ಸೂತ್ರಗಳು

ಕೃಷ್ಣಗಿರಿ ಈಗ ಬ್ಯಾಟರಿ ಗಾಡಿಗಳ ಜಿಲ್ಲೆ. ಏಥರ್ ಸ್ಕೂಟರ್ ತಯಾರಾಗುವುದು ಹೊಸೂರಿನಲ್ಲಿ, ಟಿವಿಎಸ್ ಐಕ್ಯೂಬ್ ಕೂಡ ಅಲ್ಲಿಯದೇ. ಪೋಚಂಪಳ್ಳಿಯಲ್ಲಿ ಓಲಾ ಕಾರ್ಖಾನೆ ಇದೆ. ಇಷ್ಟೆಲ್ಲ ಪಕ್ಕದಲ್ಲೇ ಇದ್ದರೂ, ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಹೊಗೇನಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ನಾಟ್ರಾಂಪಾಳ್ಯಕ್ಕೆ ಬಂದರೆ ರೈತನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಹುಲ್ಲು ಕೊಯ್ಯುವ ಮಷೀನು, ಮರ ಕೊಯ್ಯುವ ಗರಗಸ, ಔಷಧಿ ಹೊಡೆಯುವ ಡಬ್ಬ, ತೂತು ಕೊರೆಯುವ ಡ್ರಿಲ್ಲು: ಇವುಗಳಲ್ಲಿ ಯಾವುದನ್ನು ಪೆಟ್ರೋಲಿನದ್ದು ತರಬೇಕು, ಯಾವುದನ್ನು ಬ್ಯಾಟರಿಯದ್ದು?

ಅಂಗಡಿಯವರನ್ನು ಕೇಳಿದರೆ ಅವರಲ್ಲಿ ಯಾವುದು ಸ್ಟಾಕಿದೆಯೋ ಅದೇ ಒಳ್ಳೆಯದು ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಎರಡು ಪಕ್ಷಗಳೂ ಜಗಳಕ್ಕೆ ನಿಂತಿವೆ. ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಮಷೀನು ನೋಡುವ ಮೊದಲು ಕೆಲಸ ನೋಡಬೇಕು ಎನ್ನುವುದಷ್ಟೇ ನನ್ನ ಹಟ. ಕೆಳಗಿನ ಸೂತ್ರಗಳೆಲ್ಲ ಹುಟ್ಟಿದ್ದು ಆ ಹಟದಿಂದಲೇ.

1. ಮಷೀನು ಎಷ್ಟು ಹೊತ್ತು ಬಿಡದೆ ಓಡಬೇಕು, ಕೇಳಿಕೊಳ್ಳಿ.

ಗಿಡ ಸವರುವಾಗ ಒಂದು ಕ್ಷಣ ಕತ್ತರಿಸುತ್ತೀರಿ, ಹತ್ತು ಕ್ಷಣ ಮುಂದಿನ ಕೊಂಬೆ ಹುಡುಕುತ್ತೀರಿ. ಸ್ಕ್ರೂ ಬಿಗಿಯುವಾಗಲೂ ಹಾಗೇ. ಇಂಥ ಬಿಟ್ಟುಬಿಟ್ಟು ಮಾಡುವ ಕೆಲಸದಲ್ಲಿ ಬ್ಯಾಟರಿಯನ್ನು ಮೀರಿಸಿದ್ದಿಲ್ಲ. ಕೈ ಸುಮ್ಮನಿದ್ದಾಗ ಮೋಟಾರೂ ಸುಮ್ಮನಿರುತ್ತದೆ. ಪೆಟ್ರೋಲ್ ಎಂಜಿನ್ನಾದರೆ ನೀವು ಬೀಡಿ ಹಚ್ಚುವಾಗಲೂ ಗುರ್‌ಗುಟ್ಟುತ್ತಾ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಅರ್ಧ ಎಕರೆ ಪೊದೆ ಸವರುವುದು, ರಾಗಿ ಕೊಯ್ಯುವುದು ಬೇರೆ ಜಾತಿಯ ಕೆಲಸ. ಅಲ್ಲಿ ಎಂಜಿನ್ನು ಒಂದೇ ಸಮನೆ ಪೂರ್ತಿ ಜೋರಿನಲ್ಲಿ ಓಡಬೇಕು. ಅದಕ್ಕೆ ಇವತ್ತಿಗೂ ಪೆಟ್ರೋಲೇ ಸರಿ.

ಅಡ್ಡಗೆರೆ ಎಲ್ಲಿ ಎಳೆಯಬೇಕು ಅಂದರೆ, ಬಿಡದೆ ಇಪ್ಪತ್ತು ನಿಮಿಷ ಅನ್ನುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಬ್ಯಾಟರಿ, ಹೆಚ್ಚಾದರೆ ಪೆಟ್ರೋಲು. ಇದು ನನ್ನ ಗೆರೆ. ನಿಮ್ಮದು ಕೊಂಚ ಆಚೀಚೆ ಇರಬಹುದು.

2. ಸ್ಟಿಕ್ಕರಿನ ವೋಲ್ಟಿಗೆ ಮರುಳಾಗಬೇಡಿ, ಗುಣಿಸಿ ನೋಡಿ.

ಬ್ಯಾಟರಿಯ ಮೈಮೇಲೆ 18ವಿ, 20ವಿ, 21ವಿ ಎಂದು ಮೂರು ಥರ ಬರೆದಿರುತ್ತಾರೆ. ಒಳಗೆ ಇರುವುದು ಮೂರರಲ್ಲೂ ಒಂದೇ: ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್ಲು. ಒಂದೊಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.6, ಐದಕ್ಕೆ 18. ಚಾರ್ಜ್ ತುಂಬಿದ ಘಳಿಗೆಯಲ್ಲಿ ಒಂದೊಂದು 4.2ಕ್ಕೆ ಏರುತ್ತದೆ, ಐದಕ್ಕೆ 21. ಒಬ್ಬರು ಸರಾಸರಿ ಬರೆದರು, ಇನ್ನೊಬ್ಬರು ಚಾರ್ಜರಿನಿಂದ ಕಿತ್ತ ಕ್ಷಣದ್ದು ಬರೆದರು, ಅಷ್ಟೇ. 21ರ ಮಷೀನಿಗೆ 18ರದ್ದಕ್ಕಿಂತ ಹೆಚ್ಚು ತಾಕತ್ತು ಎಂದು ಯಾರಾದರೂ ಹೇಳಿದರೆ ಟೀ ಕುಡಿದು ಎದ್ದು ಬನ್ನಿ. 48, 88, 128 ಎಂದು ಬರೆದ ಅಗ್ಗದ ಪ್ಯಾಕುಗಳೂ ಬರುತ್ತವೆ. ಅಂಗೈಯಗಲದ ಪ್ಯಾಕಿನಲ್ಲಿ 128 ವೋಲ್ಟ್ ಆಗಬೇಕಾದರೆ ಮೂವತ್ತೈದು ಸೆಲ್ಲು ಇರಬೇಕು. ಎಲ್ಲಿ ತುರುಕಿದ್ದಾರೆ ಎಂದು ಕೇಳಿ ನೋಡಿ.

ನೋಡಬೇಕಾದದ್ದು ಎರಡು ಸಂಖ್ಯೆಗಳ ಗುಣಲಬ್ಧವನ್ನು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಬರುವುದು ವ್ಯಾಟ್-ಅವರ್. 18 ವೋಲ್ಟ್, 5 ಆಂಪಿಯರ್-ಅವರ್ ಅಂದರೆ 90. 21 ಎಂದು ಬರೆದು 2 ಆಂಪಿಯರ್-ಅವರ್ ಕೊಟ್ಟರೆ, ಸರಾಸರಿ 18ರ ಲೆಕ್ಕದಲ್ಲಿ ಬರುವುದು 36. ಎರಡನೆಯದರ ಬೆಲೆ ಮೊದಲನೆಯದರ ಅರ್ಧವಿದ್ದರೂ ಅದು ಅಗ್ಗವೇನಲ್ಲ.

3. ಕರೆಂಟು ಅಗ್ಗ, ಬ್ಯಾಟರಿ ಅಗ್ಗವಲ್ಲ. ಲೆಕ್ಕ ಮಾಡಿ.

ಈ ಲೆಕ್ಕವನ್ನು ಯಾರೂ ಪೂರ್ತಿ ಹೇಳುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಸಣ್ಣ ಎರಡು-ಸ್ಟ್ರೋಕ್ ಎಂಜಿನ್ನು ಅದರಲ್ಲಿ ಬಹುಪಾಲನ್ನು ಬಿಸಿಯಾಗಿ, ಹೊಗೆಯಾಗಿ ಊದಿಬಿಡುತ್ತದೆ. ಬ್ಲೇಡಿಗೆ ಮುಟ್ಟುವುದು ಆರು-ಏಳರಲ್ಲಿ ಒಂದು ಪಾಲು, ಅಂದರೆ ಸುಮಾರು 1.3 ಯೂನಿಟ್. ಪೆಟ್ರೋಲು ನೂರು ರೂಪಾಯಿ, ಬೆರೆಸುವ ಎಣ್ಣೆ ಹತ್ತು ರೂಪಾಯಿ ಎಂದಿಟ್ಟುಕೊಂಡರೆ ಒಂದು ಯೂನಿಟ್ ಕೆಲಸಕ್ಕೆ 85 ರೂಪಾಯಿ ಬಿತ್ತು.

ಈಗ ಬ್ಯಾಟರಿ. 90 ವ್ಯಾಟ್-ಅವರ್ ಪ್ಯಾಕನ್ನು ಒಮ್ಮೆ ತುಂಬಲು ಹತ್ತನೇ ಒಂದು ಯೂನಿಟ್ ಕರೆಂಟು ಸಾಕು. ತಮಿಳುನಾಡಿನಲ್ಲಿ ಮನೆಗೆ ಎರಡು ತಿಂಗಳಿಗೆ 100 ಯೂನಿಟ್ ಬಿಟ್ಟಿ ಬೇರೆ. ಹಾಗಾಗಿ ಚಾರ್ಜಿನ ಖರ್ಚು ಲೆಕ್ಕಕ್ಕೇ ಇಲ್ಲ. ಆದರೆ ಒಳ್ಳೆಯ ಕಂಪನಿಯ ಪ್ಯಾಕಿಗೆ ಏಳು ಸಾವಿರ ಕೊಟ್ಟಿರಿ ಎಂದುಕೊಳ್ಳಿ. ಐನೂರು ಸಲ ಚಾರ್ಜ್ ಮಾಡಿದ ಮೇಲೆ ಅದು ಮುದಿಯಾಗುತ್ತದೆ. ಐನೂರು ಸಲಕ್ಕೆ ಅದು ಕೊಟ್ಟದ್ದು ಒಟ್ಟು 45 ಯೂನಿಟ್. ಏಳು ಸಾವಿರವನ್ನು 45ರಿಂದ ಭಾಗಿಸಿ: ಯೂನಿಟ್ಟಿಗೆ 155 ರೂಪಾಯಿ ಸವೆತ!

ಅಂದರೆ ಬಿಡದೆ ಓಡುವ ಭಾರೀ ಕೆಲಸಕ್ಕೆ ಬ್ಯಾಟರಿ ಪೆಟ್ರೋಲಿಗಿಂತ ದುಬಾರಿ. ಹಾಗಿದ್ದರೂ ಬಿಟ್ಟುಬಿಟ್ಟು ಮಾಡುವ ಕೆಲಸದಲ್ಲಿ ಅದು ಗೆಲ್ಲುವುದು ಏಕೆಂದರೆ ಅಲ್ಲಿ ಖರ್ಚಾಗುವ ಶಕ್ತಿಯೇ ಕಡಿಮೆ, ಪೆಟ್ರೋಲಾದರೆ ಸುಮ್ಮನೆ ನಿಂತೇ ಅರ್ಧ ಉರಿದಿರುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. ಒಂದು ಲೀಟರ್ ಪೆಟ್ರೋಲ್ ಮಾಡುವ ಕೆಲಸಕ್ಕೆ ಇಂಥ ಪ್ಯಾಕು ಸುಮಾರು ಹದಿನೈದು ಬೇಕು. ಹದಿನೈದು ಪ್ಯಾಕು ಹೊತ್ತು ಹೊಲಕ್ಕೆ ಹೋಗುವವರು ಯಾರು?

4. ಹಿಪ್ಪುನೇರಳೆ ಇದ್ದವರು ಮೊದಲು ಬ್ಯಾಟರಿ ಕತ್ತರಿ ತನ್ನಿ.

ಡೆಂಕಣಿಕೋಟೆ ಸೀಮೆ ರೇಷ್ಮೆಯ ಸೀಮೆ. ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವೇ ಇದೆ. ಮೈಸೂರಿನ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ವಿ-1 ತಳಿ ಬಂದ ಮೇಲೆ ಸೊಪ್ಪು ಹೆಚ್ಚಿತು, ಅದರ ಜೊತೆಗೆ ಕಡ್ಡಿ ಕೊಯ್ಯುವ ಕೆಲಸವೂ ಹೆಚ್ಚಿತು. ಹುಳು ನಾಲ್ಕನೇ, ಐದನೇ ಹಂತಕ್ಕೆ ಬಂದಾಗ ದಿನಕ್ಕೆ ಎರಡು ಮೂರು ಸಲ ಕಡ್ಡಿ ಬೇಕು, ಅದೂ ಹಸಿಯಾಗಿ. ಕುಡುಗೋಲು ಹಿಡಿದು ಬಗ್ಗಿ ಕೊಯ್ಯುವವರು ಹೆಚ್ಚಿನ ಮನೆಗಳಲ್ಲಿ ಹೆಂಗಸರು. ಸಂಜೆಗೆ ಮಣಿಕಟ್ಟು ನೋವು ಎಂದು ಹೇಳುವವರೂ ಅವರೇ.

ಬೆರಳ ದಪ್ಪದ ಕಡ್ಡಿಗೆ ಬ್ಯಾಟರಿಯ ಸವರುಗತ್ತರಿ ಹೇಳಿ ಮಾಡಿಸಿದಂತಿದೆ. ಟ್ರಿಗರ್ ಒತ್ತಿದರೆ ಕಚಕ್ ಎನ್ನುತ್ತದೆ, ಮಿಕ್ಕ ಹೊತ್ತು ಸುಮ್ಮನಿರುತ್ತದೆ. ಕಡ್ಡಿಯ ತುದಿ ಸೀಳದೆ ನುಣ್ಣಗೆ ಕತ್ತರಿಸಿದರೆ ಬುಡದಲ್ಲಿ ಚಿಗುರು ಚೆನ್ನಾಗಿ ಬರುತ್ತದೆ. ಹುಲ್ಲು ಕೊಯ್ಯುವ ಪೆಟ್ರೋಲ್ ಕಟ್ಟರಿಗೆ ಗುಂಡು ಬ್ಲೇಡು ಹಾಕಿಯೂ ಕೊಯ್ಯಬಹುದು, ಬೇಗನೇ ಆಗುತ್ತದೆ. ಆದರೆ ಎರಡು-ಸ್ಟ್ರೋಕಿನ ಎಣ್ಣೆಹೊಗೆ ಊದಿದ ಸೊಪ್ಪನ್ನು ನಾನಾದರೆ ಹುಳಕ್ಕೆ ಹಾಕುವುದಿಲ್ಲ.

ಈ ಕತ್ತರಿ ಬೆರಳನ್ನೂ ಅಷ್ಟೇ ಸಲೀಸಾಗಿ ಕತ್ತರಿಸುತ್ತದೆ. ಎಡಗೈಯಲ್ಲಿ ಕಡ್ಡಿ ಹಿಡಿಯುವಾಗ ಬ್ಲೇಡಿನಿಂದ ಒಂದು ಗೇಣು ದೂರ ಹಿಡಿಯಿರಿ. ಮಕ್ಕಳ ಕೈಗೆ ಕೊಡಲೇಬೇಡಿ. ಊಟಕ್ಕೆ ಕೂರುವಾಗ ಪ್ಯಾಕನ್ನು ಕಿತ್ತು ಬೇರೆ ಇಡಿ.

5. ರಾಗಿಗೂ ಪೊದೆಗೂ ಪೆಟ್ರೋಲ್ ಕಟ್ಟರ್, ಆದರೆ ಕೆಲಸಕ್ಕೆ ತಕ್ಕ ತಲೆ.

35 ಸಿಸಿ ನಾಲ್ಕು-ಸ್ಟ್ರೋಕ್ ಎಂಜಿನ್ನಾದರೆ ಎಣ್ಣೆ ಬೆರೆಸುವ ರಗಳೆ ಇಲ್ಲ, ಸದ್ದೂ ಸ್ವಲ್ಪ ಕಡಿಮೆ. 52 ಸಿಸಿ ಎರಡು-ಸ್ಟ್ರೋಕಿಗೆ ಬೆಲೆ ಕಡಿಮೆ, ಜೋರು ಹೆಚ್ಚು, ಕುಡಿಯುವುದೂ ಹೆಚ್ಚು. ಲಾಂಟಾನ ಪೊದೆಗೆ ಮೂರು ಹಲ್ಲಿನ ಬ್ಲೇಡು. ರಾಗಿಗೆ, ಮೇವಿಗೆ ಸಣ್ಣ ಹಲ್ಲಿನ ಗುಂಡು ಬ್ಲೇಡು, ಅದರ ಮೇಲೆ ಪೈರನ್ನು ಒಂದು ಪಕ್ಕಕ್ಕೆ ತಳ್ಳುವ ತಗಡು. ಕಲ್ಲು ಮೇಲೆದ್ದಿರುವ ಬದುಗಳಲ್ಲಿ ಬ್ಲೇಡು ಬೇಡ, ನೈಲಾನ್ ದಾರದ ತಲೆ ಹಾಕಿ. ಬ್ಲೇಡು ಕಲ್ಲಿಗೆ ಬಡಿದರೆ ಕಲ್ಲು ಎಲ್ಲಿಗೆ ಹಾರುತ್ತದೆ ಎಂದು ಹೇಳಲಾಗದು. ಹದಿನೈದು ಮೀಟರ್ ಒಳಗೆ ಯಾರೂ ನಿಲ್ಲಬಾರದು, ಕಟ್ಟಿದ ಕರುವೂ ಇರಬಾರದು.

6. ಪೆಟ್ರೋಲು ಹಳಸುತ್ತದೆ. ತಂದದ್ದನ್ನು ಮೂರು ವಾರದಲ್ಲಿ ಮುಗಿಸಿ.

ಎಂಜಿನ್ನು ಕೆಟ್ಟಿತು ಎಂದು ಹೊಸೂರಿಗೆ ಹೊತ್ತುಕೊಂಡು ಹೋಗುವ ಎಷ್ಟೋ ಮಷೀನುಗಳಲ್ಲಿ ಎಂಜಿನ್ನು ಕೆಟ್ಟಿರುವುದೇ ಇಲ್ಲ, ಕೆಟ್ಟಿರುವುದು ಟ್ಯಾಂಕಿನಲ್ಲಿರುವುದು.

2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಸೇರಿಕೊಂಡಿತು. ಸಣ್ಣ ಎಂಜಿನ್ನುಗಳ ಹಳೆಯ ಕೈಪಿಡಿ ತೆಗೆದು ನೋಡಿ, ಬಹಳಷ್ಟರಲ್ಲಿ ಶೇ. 10ರವರೆಗೆ ಮಾತ್ರ ಸರಿ ಎಂದು ಬರೆದಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕ್ಯಾನಿನ ಮುಚ್ಚಳ ಸಡಿಲವಿದ್ದು ಮಳೆಗಾಲ ಕಳೆದರೆ ನೀರೂ ಎಥೆನಾಲೂ ಕೂಡಿಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎರಡು-ಸ್ಟ್ರೋಕ್ ಎಂಜಿನ್ನಿಗೆ ಇದು ವಿಷ. ನೀವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿಯುತ್ತದೆ, ಟ್ಯಾಂಕಿನ ಕೊಳವೆ ಹೀರುವುದು ತಳದ ಎಣ್ಣೆಯಿಲ್ಲದ ದ್ರವವನ್ನು. ಎಣ್ಣೆ ಕಾಣದ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಅಲ್ಲಿಗೆ ಮಷೀನು ಗುಜರಿ.

ಇನ್ನೊಂದು ತೊಂದರೆ ಕಾರ್ಬುರೇಟರಿನಲ್ಲಿ. ಅದನ್ನು ಬಿಚ್ಚಿ ನಡುವಿನ ಹಿತ್ತಾಳೆಯ ಜೆಟ್ಟನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ತೂತಿನಲ್ಲಿ ಬೆಳಕು ಚುಕ್ಕೆಯಾಗಿ ಕಾಣಬೇಕು. ಪೆಟ್ರೋಲ್ ತುಂಬಿಟ್ಟು ಆರು ತಿಂಗಳು ಮೂಲೆಗಿಟ್ಟ ಮಷೀನಿನಲ್ಲಿ ಆ ಚುಕ್ಕೆ ಕಾಣುವುದಿಲ್ಲ, ಕಂದು ಅಂಟು ಕಟ್ಟಿರುತ್ತದೆ. ಅದನ್ನು ಸೂಜಿಯಿಂದ ಚುಚ್ಚಬೇಡಿ, ತೂತು ದೊಡ್ಡದಾದರೆ ಪೆಟ್ರೋಲು ಹೆಚ್ಚು ಹರಿದು ಹೊಗೆ ಕಾರುತ್ತದೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಡಿ, ಆಮೇಲೆ ಗಾಳಿ ಊದಿ. ರಬ್ಬರ್ ಪೈಪು ಗಟ್ಟಿಯಾಗಿ ಬಿರಿದಿದ್ದರೆ ಅದನ್ನೂ ಬದಲಿಸಿ. ಅದಕ್ಕೆ ದೊಡ್ಡ ಖರ್ಚೇನಿಲ್ಲ.

ಹಂಗಾಮು ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ನು ಓಡಿಸಿ, ಆಮೇಲೆ ಗೋಡೆಗೆ ನೇತುಹಾಕಿ. ತಂದಿಟ್ಟ ಪೆಟ್ರೋಲು ಉಳಿದಿದ್ದರೆ ಬೈಕಿಗೆ ಸುರಿಯಿರಿ. ಆದರೆ ಎಣ್ಣೆ ಬೆರೆಸಿದ್ದನ್ನು ಸುರಿಯಬೇಡಿ.

7. ಎಣ್ಣೆ ಬೆರೆಸುವಾಗ ಕಣ್ಣಳತೆ ಬೇಡ.

50:1 ಎಂದರೆ ಲೀಟರಿಗೆ 20 ಮಿಲಿ, 40:1 ಎಂದರೆ 25 ಮಿಲಿ, 25:1 ಎಂದರೆ 40 ಮಿಲಿ. ಯಾವುದು ಎಂದು ಮಷೀನಿನ ಪುಸ್ತಕ ಹೇಳುತ್ತದೆ, ಪಕ್ಕದ ಹೊಲದವರು ಹೇಳಬೇಕಿಲ್ಲ. ಮಕ್ಕಳ ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಇದಕ್ಕೆ ಸಾಕು, ಆದರೆ ಆಮೇಲೆ ಅದನ್ನು ಅಡುಗೆಮನೆಗೆ ವಾಪಸು ತರಬಾರದು. ಟ್ಯಾಂಕಿನಲ್ಲಿ ಬೆರೆಸಬೇಡಿ. ಕ್ಯಾನಿನಲ್ಲಿ ಮೊದಲು ಅರ್ಧ ಪೆಟ್ರೋಲು, ಆಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ, ಮತ್ತೆ ಉಳಿದ ಪೆಟ್ರೋಲು. ನೀರಿನ ಬಾಟಲಿಯಲ್ಲಿ ಪೆಟ್ರೋಲು ತರುವ ಚಾಳಿ ಬಿಡಿ, ಗಟ್ಟಿ ಮುಚ್ಚಳದ ಲೋಹದ ಕ್ಯಾನು ಇಟ್ಟುಕೊಳ್ಳಿ. ಬಾಯಾರಿದವರು ಬಾಟಲಿ ನೋಡಿ ನೀರು ಎಂದುಕೊಂಡರೆ ಏನು ಗತಿ?

8. ಕಿವಿ ಮುಚ್ಚಿಕೊಂಡು ಕೆಲಸ ಮಾಡುವವರಿಗೆ ಆನೆ ಬಂದದ್ದು ಗೊತ್ತಾಗುವುದಿಲ್ಲ.

ಬೇರೆ ಊರಿನ ಸೂತ್ರಗಳಲ್ಲಿ ಇದು ಇರುವುದಿಲ್ಲ. ನಾಟ್ರಾಂಪಾಳ್ಯ, ಅಂಚೆಟ್ಟಿಯ ಸುತ್ತ ಕಾಡು. ಕಾವೇರಿ ಉತ್ತರ ವನ್ಯಧಾಮ 2014ರಲ್ಲಿ ಘೋಷಣೆಯಾಯಿತು, ಕಾವೇರಿ ದಕ್ಷಿಣ ವನ್ಯಧಾಮ 2022ರಲ್ಲಿ. ರಾಗಿ ತೆನೆ ಬಲಿಯುವ ಅಕ್ಟೋಬರಿನಿಂದ ಜನವರಿಯವರೆಗೆ ಬನ್ನೇರುಘಟ್ಟದ ಕಡೆಯಿಂದಲೂ ಹಿಂಡುಗಳು ಈ ಸೀಮೆಗೆ ಇಳಿಯುತ್ತವೆ. ಪೆಟ್ರೋಲ್ ಕಟ್ಟರ್ ಬೇಕಾಗುವುದೂ ಅದೇ ತಿಂಗಳುಗಳಲ್ಲಿ.

ಪೆಟ್ರೋಲ್ ಗರಗಸದ ಸದ್ದು ಹಿಡಿದವರ ಕಿವಿಯಲ್ಲಿ ನೂರು ಡೆಸಿಬೆಲ್ ದಾಟುತ್ತದೆ, ಕಟ್ಟರ್ ಅದರ ಹಿಂದೆಯೇ ಇದೆ. ಎಂಟು ಗಂಟೆಗೆ ಸುರಕ್ಷಿತ ಎನ್ನುವುದು 85. ಮೂರು ಡೆಸಿಬೆಲ್ ಏರಿದಂತೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ, ನೂರಕ್ಕೆ ಕಾಲು ಗಂಟೆಯೇ ಹೆಚ್ಚು. ಹಾಗಾಗಿ ಕಿವಿಗೆ ಮಫ್ ಬೇಕೇ ಬೇಕು. ಮಫ್ ಹಾಕಿದರೆ ಬೆನ್ನ ಹಿಂದೆ ಕೊಂಬೆ ಮುರಿದದ್ದು ಕೇಳಿಸುವುದಿಲ್ಲ.

ಕಾಡಂಚಿನ ಹೊಲದಲ್ಲಿ ಪೆಟ್ರೋಲ್ ಮಷೀನು ಓಡಿಸುವಾಗ ಒಬ್ಬರು ಮಫ್ ಇಲ್ಲದೆ ದೂರ ನಿಂತು ಕಾಡಿನ ಕಡೆ ನೋಡುತ್ತಿರಬೇಕು. ಅವರಿಗೂ ನಿಮಗೂ ಒಂದು ಸನ್ನೆ ಗೊತ್ತಿರಲಿ, ಬಿಳಿ ಟವೆಲ್ ಬೀಸಿದರೆ ಎಂಜಿನ್ನು ಆಫ್. ಬೆಳಗಿನ ಜಾವ, ಸಂಜೆ ಕತ್ತಲೆಯ ಹೊತ್ತು ಕಾಡಂಚಿನಲ್ಲಿ ಮಷೀನು ಹಿಡಿಯಲೇಬೇಡಿ. ಒಬ್ಬರೇ ಇದ್ದೀರಿ, ಕೆಲಸವೂ ಸಣ್ಣದು ಎಂದರೆ ಲೆಕ್ಕ ಏನೇ ಹೇಳಲಿ, ಬ್ಯಾಟರಿಯದ್ದು ಹಿಡಿಯಿರಿ. ಕೈ ಬಿಟ್ಟ ಕೂಡಲೇ ಸುತ್ತಲಿನ ಸದ್ದು ಕೇಳುತ್ತದೆ. ಇಷ್ಟು ಒಂದೇ ಕಾರಣಕ್ಕೆ ಈ ಸೀಮೆಯಲ್ಲಿ ಬ್ಯಾಟರಿಗೆ ನಾನು ಹತ್ತು ಅಂಕ ಹೆಚ್ಚು ಕೊಡುತ್ತೇನೆ.

9. ಔಷಧಿ ಡಬ್ಬದಲ್ಲಿ ವಾದವೇ ಇಲ್ಲ.

ಬೆನ್ನಿಗೆ ಹೊರುವ 16 ಲೀಟರಿನ ಸ್ಪ್ರೇಯರಿನಲ್ಲಿ ಬ್ಯಾಟರಿ ಆಗಲೇ ಗೆದ್ದಾಗಿದೆ. ಕೈಪಂಪು ಒತ್ತಿ ಒತ್ತಿ ಎಡ ತೋಳು ಸೋಲುವ ಕಾಲ ಹೋಯಿತು. ತೆಗೆದುಕೊಳ್ಳುವಾಗ ಕೈಪಂಪಿನ ಹಿಡಿಕೆಯೂ ಇರುವ ಎರಡೂ-ಥರದ್ದು ತನ್ನಿ, ನಡುಹೊಲದಲ್ಲಿ ಚಾರ್ಜ್ ಮುಗಿದರೆ ಬದುಕಿಕೊಳ್ಳಬಹುದು.

ಹೆಚ್ಚಿನವುಗಳಲ್ಲಿ ಇರುವುದು 12 ವೋಲ್ಟ್, 8 ಅಥವಾ 12 ಆಂಪಿಯರ್-ಅವರಿನ ಸೀಸದ ಬ್ಯಾಟರಿ. ಇದರ ಗುಣ ಲಿಥಿಯಂಗೆ ಉಲ್ಟಾ. ಲಿಥಿಯಂ ಅರ್ಧ ಚಾರ್ಜಿನಲ್ಲಿ ಸುಖವಾಗಿ ಮಲಗುತ್ತದೆ. ಸೀಸದ್ದನ್ನು ಖಾಲಿಯಾಗಿ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಮುಂದಿನ ಹಂಗಾಮಿಗೆ ಏಳುವುದೇ ಇಲ್ಲ. ಔಷಧಿ ಹೊಡೆದ ರಾತ್ರಿಯೇ ತುಂಬಿಸಿ, ಕೆಲಸ ಇಲ್ಲದಾಗಲೂ ತಿಂಗಳಿಗೊಮ್ಮೆ ತುಂಬಿಸಿ. ಟೊಮ್ಯಾಟೊಗೆ ಹೊಡೆದ ಡಬ್ಬವನ್ನು ಹಿಪ್ಪುನೇರಳೆ ತೋಟಕ್ಕೆ ಎಷ್ಟೇ ತೊಳೆದರೂ ಒಯ್ಯಬೇಡಿ. ಹುಳಕ್ಕೆ ವಿಷದ ಒಂದು ಹನಿ ಸಾಕು. ಬೇರೆ ಬಣ್ಣದ ಡಬ್ಬ ಇನ್ನೊಂದು ಇಡಿ.

10. ತಂತಿ ಮುಟ್ಟುವ ಕಡೆ ತಂತಿಯೇ ಸಾಕು.

ಬ್ಯಾಟರಿಯೋ ಪೆಟ್ರೋಲೋ ಎನ್ನುವ ಜಗಳದಲ್ಲಿ ಮೂರನೆಯವನನ್ನು ಎಲ್ಲರೂ ಮರೆಯುತ್ತಾರೆ. ಮೇವು ಕತ್ತರಿಸುವ ಯಂತ್ರ ಕೊಟ್ಟಿಗೆಯ ಪಕ್ಕ ಒಂದೇ ಕಡೆ ಕೂತಿರುತ್ತದೆ. ಅದಕ್ಕೆ ಇ.ಬಿ. ಕರೆಂಟಿನ ಮೋಟಾರು ಇದ್ದರೆ ಸಾಕು. ಕಬ್ಬಿಣ ಕೊಯ್ಯುವ ಗ್ರೈಂಡರ್ ಕೂಡ ಹಾಗೇ. 90 ವ್ಯಾಟ್-ಅವರಿನ ಪ್ಯಾಕು ಹಾಕಿ ಐನೂರು ವ್ಯಾಟ್ ಎಳೆಯುವ ಗ್ರೈಂಡರ್ ಓಡಿಸಿದರೆ ಹತ್ತು ಹನ್ನೊಂದು ನಿಮಿಷಕ್ಕೆ ಬರಿದು. ಗೇಟು, ಶೆಡ್ಡಿನ ಕೆಲಸಕ್ಕೆ ತಂತಿಯ ಗ್ರೈಂಡರೇ ಇರಲಿ. ತೆಳುವಾದ, ಉದ್ದನೆಯ ಎಕ್ಸ್‌ಟೆನ್ಷನ್ ಎಳೆದರೆ ವೋಲ್ಟೇಜ್ ಕುಸಿದು ಮೋಟಾರು ಬಿಸಿಯಾಗುತ್ತದೆ, ದಪ್ಪ ತಂತಿಗೆ ಕಾಸು ಹಾಕಿ.

11. ವರ್ಕ್‌ಶಾಪಿಗೆ ಒಂದೇ ಜಾತಿಯ ಬ್ಯಾಟರಿ.

1961ರಲ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ತಂತಿಯಿಲ್ಲದ ಡ್ರಿಲ್ಲು ಮಾರುಕಟ್ಟೆಗೆ ತಂದಾಗ ಅದರೊಳಗಿದ್ದದ್ದು ನಿಕಲ್-ಕ್ಯಾಡ್ಮಿಯಂ ಸೆಲ್ಲು. ಲಿಥಿಯಂ ಬಂದ ಮೇಲೆ ಕಂಪನಿಗಳ ವ್ಯಾಪಾರದ ದಾರಿಯೇ ಬದಲಾಯಿತು. ಈಗ ಅವರು ಮಷೀನನ್ನು ಅಗ್ಗಕ್ಕೆ ಕೊಟ್ಟು ಬ್ಯಾಟರಿಯಲ್ಲಿ ನಿಮ್ಮನ್ನು ಕಟ್ಟಿಹಾಕುತ್ತಾರೆ. ಒಬ್ಬರ ಪ್ಯಾಕು ಇನ್ನೊಬ್ಬರ ಮಷೀನಿಗೆ ಕೂರುವುದಿಲ್ಲ. ಕಟ್ಟಿಹಾಕಿಸಿಕೊಳ್ಳುವುದೇ ಆದರೆ ಒಂದೇ ಗೂಟಕ್ಕೆ. ಮೊದಲ ಡ್ರಿಲ್ಲು ಕೊಳ್ಳುವ ದಿನವೇ ಆ ಕಂಪನಿಯದ್ದು ಇನ್ನೇನೇನು ಅದೇ ಪ್ಯಾಕಿಗೆ ಬರುತ್ತದೆ, ಹೊಸೂರಿನಲ್ಲಿ ಬಿಡಿ ಪ್ಯಾಕು ಸಿಗುತ್ತದೆಯೇ ವಿಚಾರಿಸಿ. ಆಮೇಲಿನ ಮಷೀನುಗಳನ್ನು ಬ್ಯಾಟರಿ, ಚಾರ್ಜರು ಬಿಟ್ಟು ಬರಿಮೈಯದ್ದು ತಂದರೆ ದುಡ್ಡು ಉಳಿಯುತ್ತದೆ. ಮೋಟಾರು ಬ್ರಷ್‌ಲೆಸ್ ಇರಲಿ, ಕಾರ್ಬನ್ ಸವೆಯುವ ತಲೆನೋವಿಲ್ಲ, ಅದೇ ಚಾರ್ಜಿಗೆ ಹೆಚ್ಚು ಹೊತ್ತು ಓಡುತ್ತದೆ.

ತಳಿ, ಬಾಗಲೂರು ಕಡೆ ಗುಲಾಬಿ ಪಾಲಿಹೌಸುಗಳಲ್ಲಿ ದಿನವಿಡೀ ಏಣಿ ಮೇಲೆ ನಿಂತು ಸ್ಕ್ರೂ ಬಿಗಿಯುವವರಿಗೆ 18 ವೋಲ್ಟಿನ ಭಾರ ಬೇಡ, 12 ವೋಲ್ಟಿನ ಹಗುರ ಡ್ರೈವರ್ ಸಾಕು. ಟ್ರ್ಯಾಕ್ಟರ್ ಚಕ್ರದ ನಟ್ಟಿಗೆ ಇಂಪ್ಯಾಕ್ಟ್ ರೆಂಚು ಬೇಕು, ಅದಕ್ಕೆ 18.

12. ತಗಡಿನ ಶೆಡ್ಡಿನಲ್ಲಿ ಲಿಥಿಯಂ ಇಡಬೇಡಿ.

ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗಿನ ಬಿಸಿ ನಿಮಗೆ ಹೇಳಬೇಕಿಲ್ಲ. ಸಾಮಾನ್ಯವಾಗಿ 45 ಡಿಗ್ರಿ ದಾಟಿದ ಪ್ಯಾಕನ್ನು ಚಾರ್ಜಿಗೆ ಹಾಕಬಾರದು. ಹೊಲದಿಂದ ತಂದ ಬಿಸಿ ಪ್ಯಾಕನ್ನು ಅರ್ಧ ಗಂಟೆ ನೆರಳಲ್ಲಿ ಆರಲು ಬಿಡಿ, ಆಮೇಲೆ ಚಾರ್ಜರಿಗೆ ಕೂರಿಸಿ. ಆರಲಿ ಎಂದು ನೀರಿಗೆ ಅದ್ದುವವರೂ ಇದ್ದಾರೆ, ಬೇಡಪ್ಪ! ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ, ಮನೆಯೊಳಗೆ, ತಂಪಾದ ಕಡೆ ಇಡಿ. ಉಬ್ಬಿದ ಪ್ಯಾಕನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ರಾತ್ರಿ ಮಲಗಿದ ಮೇಲೆ ಹುಲ್ಲಿನ ಮೆದೆಯ ಪಕ್ಕ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ. ಚಾರ್ಜರಿನ ಬೆನ್ನ ಮೇಲೆ 100–240 ವೋಲ್ಟ್ ಎಂದಿದ್ದರೆ ಹಳ್ಳಿಯ ಏರಿಳಿತದ ಕರೆಂಟನ್ನು ತಡೆದುಕೊಳ್ಳುತ್ತದೆ.

13. ಗರಗಸ ಹಿಡಿದು ಕಾಡಿನ ದಾರಿ ಹಿಡಿಯಬೇಡಿ.

ಮಾವು ಕೊಯ್ದಾದ ಮೇಲೆ ಕೊಂಬೆ ಸವರಲು ಆರು-ಎಂಟು ಇಂಚಿನ ಬ್ಯಾಟರಿ ಗರಗಸ ಚೆಂದ, ಒಂದೇ ಕೈಗೆ ಹಗುರ. ಆದರೆ ಒಂದೇ ಕೈಯಲ್ಲಿ ಕೊಯ್ಯಬೇಡಿ. ಬಿದ್ದ ಹುಣಸೆಯ ಬೊಡ್ಡೆಗೆ ಪೆಟ್ರೋಲಿನದ್ದೇ ಬೇಕು. ಎರಡಕ್ಕೂ ಚೈನಿಗೆ ಎಣ್ಣೆ ಬಿಡಲೇಬೇಕು. ಬ್ಯಾಟರಿಯದ್ದಕ್ಕೆ ಎಣ್ಣೆ ಬೇಡ ಎಂದುಕೊಂಡು ಬಾರು ಸುಟ್ಟವರು ಬಹಳ. ಇನ್ನು, ಮೀಸಲು ಅರಣ್ಯದ ದಾರಿಯಲ್ಲಿ ಗಾಡಿಯ ಹಿಂದೆ ಗರಗಸ ಕಂಡರೆ ಫಾರೆಸ್ಟಿನವರು ನಿಲ್ಲಿಸುತ್ತಾರೆ, ಕೇಳುತ್ತಾರೆ. ಸದ್ದಿಲ್ಲದ ಬ್ಯಾಟರಿ ಗರಗಸವಾದರೆ ಅನುಮಾನ ಇನ್ನೂ ಹೆಚ್ಚು. ನಿಮ್ಮ ಜಮೀನಿನದ್ದೇ ಮರವಾದರೂ ಯಾವ ಜಾತಿಗೆ ಅನುಮತಿ ಬೇಕು ಎಂದು ಮೊದಲೇ ರೇಂಜ್ ಆಫೀಸಿನಲ್ಲಿ ಕೇಳಿಕೊಂಡು ಕಡಿಯಿರಿ.

14. ಬೆಲೆ ಕೇಳುವ ಮೊದಲು ರಿಪೇರಿಯವರ ಊರು ಕೇಳಿ.

ಪೆಟ್ರೋಲ್ ಎಂಜಿನ್ನಿಗೆ ಇದೊಂದು ದೊಡ್ಡ ಅನುಕೂಲ. ಪ್ಲಗ್ಗು, ಏರ್ ಫಿಲ್ಟರು, ಹಗ್ಗ, ಕ್ಲಚ್ಚು, ಇವನ್ನು ಬೈಕ್ ಮೆಕಾನಿಕ್ಕೇ ಅಂಚೆಟ್ಟಿಯಲ್ಲೋ ಡೆಂಕಣಿಕೋಟೆಯಲ್ಲೋ ನೋಡಿಕೊಳ್ಳುತ್ತಾನೆ. ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆ ಇದೆ. ಬ್ಯಾಟರಿ ಮಷೀನಿನ ಸರ್ಕ್ಯೂಟ್ ಬೋರ್ಡು ಸುಟ್ಟರೆ ಆ ಮೆಕಾನಿಕ್ಕೂ ಕೈ ಚೆಲ್ಲುತ್ತಾನೆ. ಹಾಗಾಗಿ ಬ್ಯಾಟರಿಯದ್ದನ್ನು ಬಿಲ್ಲಿಲ್ಲದೆ ತರಬಾರದು. "ಅಣ್ಣಾ, ಬಿಲ್ ಬೇಡ ಅಂದ್ರೆ ಐನೂರು ಕಮ್ಮಿ ಮಾಡ್ತೀನಿ" ಅಂದರೆ, "ಐನೂರು ನೀನೇ ಇಟ್ಕೋ ತಮ್ಮಾ, ಬಿಲ್ ಕೊಡು" ಅನ್ನಿ. ಪ್ಯಾಕಿಗೆ ಬೇರೆ, ಮಷೀನಿಗೆ ಬೇರೆ ವಾರಂಟಿ ಇರುತ್ತದೆ. ಎರಡರ ಅವಧಿಯನ್ನೂ ಸೀರಿಯಲ್ ನಂಬರನ್ನೂ ಬಿಲ್ಲಿನಲ್ಲೇ ಬರೆಸಿ. ಬಿಲ್ಲಿನ ಫೋಟೋ ತೆಗೆದಿಡಿ, ಆ ಕಾಗದದ ಅಕ್ಷರ ವರ್ಷದೊಳಗೆ ಮಾಸಿಹೋಗುತ್ತದೆ.

ಸಬ್ಸಿಡಿಯ ಮಾತು. ಕೃಷಿ ಯಂತ್ರಗಳಿಗೆ ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ, ಅತಿಸಣ್ಣ, ಪರಿಶಿಷ್ಟ ಮತ್ತು ಮಹಿಳಾ ರೈತರಿಗೆ ಶೇ. 50ರವರೆಗೆ, ಉಳಿದವರಿಗೆ ಶೇ. 40ರವರೆಗೆ ನೆರವು ಸಿಗುತ್ತದೆ, ಯಂತ್ರಕ್ಕೊಂದು ಮಿತಿ ಇರುತ್ತದೆ. ತಮಿಳುನಾಡಿನಲ್ಲಿ ಉಳವನ್ ಆಪ್‌ನಲ್ಲಿ ಹೆಸರು ದಾಖಲಿಸಬೇಕು. ನಮ್ಮಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರಿಗೆ ತಮಿಳು ಬಲ್ಲ ಮೊಮ್ಮಕ್ಕಳು ಕೂತು ತುಂಬಿಕೊಡಲಿ. ಅನುಮತಿ ಬರುವ ಮೊದಲೇ ಅಂಗಡಿಗೆ ದುಡ್ಡು ಕೊಟ್ಟು ಮಷೀನು ತಂದುಬಿಟ್ಟರೆ ಸಬ್ಸಿಡಿ ಕೈತಪ್ಪುತ್ತದೆ. ಮೊದಲು ಅರ್ಜಿ, ಆಮೇಲೆ ಆದೇಶ, ಕೊನೆಗೆ ಖರೀದಿ.

ಸತ್ತ ಬ್ಯಾಟರಿಯನ್ನು ಬಾವಿಗೆ, ಹಳ್ಳಕ್ಕೆ ಎಸೆಯಬೇಡಿ. ಸೀಸದ್ದಕ್ಕೆ ಹೊಸದು ಕೊಳ್ಳುವಾಗ ತೂಕದ ಬೆಲೆ ಮುರಿದುಕೊಡುತ್ತಾರೆ, ಚೌಕಾಸಿ ಮಾಡಿ. ಲಿಥಿಯಂ ಪ್ಯಾಕುಗಳನ್ನು ವಾಪಸು ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಎರಡೂ ತುದಿಗೆ ಟೇಪು ಸುತ್ತಿ, ಮುಂದಿನ ಸಲ ಹೊಸೂರಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ ತಂದ ಅಂಗಡಿಯಲ್ಲೇ ಕೊಟ್ಟು ಬನ್ನಿ.